ವಿವಾದಕ್ಕೂ ಜರಡಿ ಹಿಡೀಬೇಕು

ನಮಸ್ಕಾರ, ಹಾಸನದಿಂದ ಮಾತಾಡ್ತಿದ್ದೀವಿ.

ಸಕಲೇಶಪುರ, ಮೂಡಿಗೆರೆ ಕಡೆಯೋರಿಗೆ ಇದನ್ನ ಬಿಡಿಸಿ ಹೇಳೋದು ಬೇಡ. ಕಾಫಿ ಕ್ಯೂರಿಂಗಿಗೆ (ಸಿಪ್ಪೆ ತೆಗೆದು ಹಸನು ಮಾಡೋಕೆ) ಹೋದ್ಮೇಲೆ ಜರಡಿಗೆ ಬೀಳುತ್ತೆ. ದಪ್ಪ ಬೀಜದ ಎಎ ಒಂದು ಕಡೆ, ಅದಕ್ಕಿಂತ ಸಣ್ಣವು ಎ, ಬಿ, ಸಿ ಒಂದೊಂದು ಕಡೆ, ಒಂಟಿ ಬೀಜದ ಪೀಬೆರಿ ಬೇರೆ. ಕಪ್ಪು, ಕಂದು, ಚೂರು ಎಲ್ಲ ಸೇರಿದ್ರೆ ಬಿಬಿಬಿ. ಎಲ್ಲಾನೂ ಒಂದೇ ಮೂಟೆಗೆ ಸುರಿದು 'ಕಾಫಿ' ಅಂತ ಬರೆದಿಟ್ರೆ ಯಾವ ವ್ಯಾಪಾರಿ ಮುಟ್ತಾನೆ? ಅಮೆರಿಕದ ರ‍್ಯಾಪ್ ಗಾಯಕ ಕಾನ್ಯೆ ವೆಸ್ಟ್ ವಿಷಯದಲ್ಲಿ ಎಲ್ಲರೂ ಮಾಡ್ತಿರೋದು ಇದನ್ನೇ. 2005ರ ಮಾತು, 2009ರ ಮೈಕು, 2022ರ ದ್ವೇಷ, ಮೂರೂ 'ವಿವಾದ' ಅನ್ನೋ ಒಂದೇ ಮೂಟೆಲಿ. ಇವತ್ತು ಆ ಮೂಟೆ ಬಿಚ್ಚೋಣ.

ಹುಟ್ಟಿದ್ದು 1977, ಅಟ್ಲಾಂಟಾ. ಬೆಳೆದದ್ದು ಶಿಕಾಗೋ. 2021ರಿಂದ ಕಾನೂನು ಪ್ರಕಾರ ಹೆಸರು ಬರೀ 'ಯೇ'. ಮೊದಲು ಜನಕ್ಕೆ ಗೊತ್ತಾಗಿದ್ದು ರ‍್ಯಾಪರ್ ಆಗಿ ಅಲ್ಲ, ಬೀಟ್, ಅಂದ್ರೆ ಹಾಡಿನ ಹಿಂದಿನ ಸಂಗೀತ ಮಾಡೋನಾಗಿ. 2001ರಲ್ಲಿ ರ‍್ಯಾಪರ್ ಜೇ-ಝಿ ತಂದ 'ದಿ ಬ್ಲೂಪ್ರಿಂಟ್' ಆಲ್ಬಮ್‌ನ ಕೆಲವು ಬೀಟ್ ಈತನವು. ಬೀಟ್ ಚೆನ್ನಾಗಿದೆ, ಆದ್ರೆ ಇವನು ಮೈಕ್ ಹಿಡಿಯೋದು ಯಾಕೆ ಅಂತ ಕಂಪನಿಯೋರಿಗೆ ಅನುಮಾನ.

2002ರ ಅಕ್ಟೋಬರ್ 23ಕ್ಕೆ ಕಾರು ಅಪಘಾತ. ದವಡೆ ಮುರಿದು, ಡಾಕ್ಟ್ರು ತಂತಿ ಹಾಕಿ ಬಿಗಿದ್ರು. ಎರಡೇ ವಾರಕ್ಕೆ ಸ್ಟುಡಿಯೋಗೆ ಹೋಗಿ ಹಲ್ಲು ಬಿಡಿಸಲಾಗದೆ ಹಾಡಿದ್ದು 'ಥ್ರೂ ದ ವೈರ್'. ಹೆಡ್‌ಫೋನ್ ಹಾಕ್ಕೊಂಡು ಕೇಳಿ, 'ಸ' ಬಂದಲ್ಲೆಲ್ಲ ಗಾಳಿ ಹಲ್ಲಿನ ಸಂದಿಂದ ಸೋರುತ್ತೆ. ಹಿಂದೆ ಕೇಳೋ ಕೀಚಲು ಹೆಣ್ಣುದನಿ ಗಾಯಕಿ ಚಾಕಾ ಖಾನ್ ಅವರದು, ಅವರ ಹಳೇ ಹಾಡಿನ ತುಂಡನ್ನೇ ವೇಗ ಏರಿಸಿ ಹಾಕಿದ್ದು (ಇದಕ್ಕೇ ಸ್ಯಾಂಪಲ್ ಅನ್ನೋದು): 1984ರ ಆಲ್ಬಮ್‌ನ 'ಥ್ರೂ ದ ಫೈರ್'. ಅದನ್ನ ಬರೆದೋರು ಮೂವರು: ಡೇವಿಡ್ ಫಾಸ್ಟರ್, ಟಾಮ್ ಕೀನ್, ಸಾಹಿತ್ಯಕ್ಕೆ ಸಿಂಥಿಯಾ ವೀಲ್. ಈ ಕೊನೇ ಹೆಸರು ನೆನಪಲ್ಲಿಟ್ಕೊಳ್ಳಿ.

ಆ ಕೀಚಲು ದನಿ ಬರೋದು ಹೇಗೆ? ನಿಮಿಷಕ್ಕೆ 33⅓ ಸುತ್ತಿನ ಪ್ಲೇಟನ್ನ 45ಕ್ಕೆ ಓಡಿಸಿದ್ರೆ ವೇಗ 1.35 ಪಟ್ಟು ಆಗುತ್ತೆ, ದನಿ ಐದೂ ಚಿಲ್ಲರೆ ಸೆಮಿಟೋನ್ (ಅರ್ಧ ಸ್ವರ) ಮೇಲೆ ಹೋಗುತ್ತೆ. ಮೂಲ ಹಾಡು 70 ಬಿಪಿಎಂ (ನಿಮಿಷಕ್ಕೆ 70 ತಾಳದ ಪೆಟ್ಟು) ಇದ್ರೆ 94ರ ಮೇಲೆ ಬಂತು. ರೂಮಲ್ಲಿ ಲ್ಯಾಪ್‌ಟಾಪ್ ಇಟ್ಕೊಂಡು ಬೀಟ್ ಕಟ್ಟೋ ಹುಡುಗರು ಎಡವೋದು ಇಲ್ಲೇ. ಸಾಫ್ಟ್‌ವೇರ್ ತಾನಾಗೇ ಟೈಮ್ ಸ್ಟ್ರೆಚ್ ಮಾಡುತ್ತೆ, ಪಿಚ್ ಏರುತ್ತೆ, ವೇಗ ಹಾಗೇ ಉಳಿಯುತ್ತೆ. ಆಗ ತಾಳದ ಪೆಟ್ಟು ನೆನೆದ ಹಪ್ಪಳದ ಹಾಗೆ ಮೆತ್ತಗಾಗಿ, ದನಿ ನೀರಲ್ಲಿ ಮುಳುಗಿದ ಹಾಗೆ ಕೇಳುತ್ತೆ. ಏಬಲ್‌ಟನ್‌ನಲ್ಲಿ 'ವಾರ್ಪ್' ಆಫ್ ಮಾಡಿ, ಎಫ್‌ಎಲ್ ಸ್ಟುಡಿಯೋದಲ್ಲಿ 'ರೀಸ್ಯಾಂಪಲ್' ಮಾಡಿ. ಏರಿಸೋದು ಸರಿಯಾಗಿ +5. ಚಿಲ್ಲರೆ ಉಳಿಸಿಕೊಂಡ್ರೆ ನೀವು ಕೀಬೋರ್ಡಲ್ಲಿ ನುಡಿಸೋ ಬೇಸ್ ಸಣ್ಣಗೆ ಅಪಶ್ರುತಿ ಆಗುತ್ತೆ. ಮೂಲ ಹಾಡು ಬಿಳಿ ಒಂದರ ಶ್ರುತಿಲಿದ್ರೆ ಈಗ ಬಿಳಿ ನಾಲ್ಕಕ್ಕೆ ಬಂದಿರುತ್ತೆ, ಬೇಸ್ ಅಲ್ಲಿಂದ ಹಿಡೀರಿ. ಹಳೇ ರೆಕಾರ್ಡುಗಳಲ್ಲಿ ಟೇಪಿನ ವೇಗವೇ ಆಚೀಚೆ ಇರೋದ್ರಿಂದ ಮೊದಲು ಟ್ಯೂನರ್ ಇಟ್ಟು ನೋಡಿ.

ಹಳೇ ಹಾಡಿಂದ ಎರಡು ಇಲ್ಲ ನಾಲ್ಕು ಬಾರ್ (ತಾಳದ ಆವರ್ತ) ಸಾಕು. ಡ್ರಮ್ಮಿನ ಪೆಟ್ಟಿನ ಬುಡದಲ್ಲೇ ಕತ್ತರಿಸಿ, ಒಂದೈದು ಮಿಲಿಸೆಕೆಂಡ್ ಫೇಡ್ ಕೊಡಿ, ಇಲ್ಲಾಂದ್ರೆ ಲೂಪ್ ತಿರುಗೋವಾಗೆಲ್ಲ 'ಟಿಕ್' ಅನ್ನುತ್ತೆ. 120 ಹರ್ಟ್ಜ್ ಕೆಳಗಿಂದನ್ನ ತೆಗೀರಿ. ತೆಗೀದೆ ಇದ್ರೆ ಹಳೇ ಬೇಸು, ನಿಮ್ಮ ಕಿಕ್ ಡ್ರಮ್ಮು ಒಂದೇ ಜಾಗಕ್ಕೆ ಹೊಡೆದಾಡ್ತವೆ. ಫೋನಲ್ಲಿ ಗೊತ್ತಾಗಲ್ಲ, ಗಣಪತಿ ಮೆರವಣಿಗೆಯ ಡಿಜೆ ಬಾಕ್ಸಿಗೆ ಹಾಕಿದ ದಿನ ಗೊತ್ತಾಗುತ್ತೆ.

ಬೀಟ್ ಆಯ್ತು. ಹಕ್ಕು? ಒಂದು ಹಾಡಿಗೆ ಎರಡು ಬಾಗಿಲು, ಎರಡು ಬೀಗ. ರೆಕಾರ್ಡಿಂಗ್ ಒಬ್ಬರದು, ಸಾಹಿತ್ಯ-ಸಂಗೀತ ಇನ್ನೊಬ್ಬರದು. ಸ್ಯಾಂಪಲ್ ಹಾಕಿದ್ರೆ ಎರಡೂ ಬೀಗ ತೆಗೆಸಬೇಕು. ಬೇರೆ ಗಾಯಕಿ ಕೈಲಿ ಮತ್ತೆ ಹಾಡಿಸಿದ್ರೆ ರೆಕಾರ್ಡಿಂಗ್ ಬೀಗದ ಗೊಡವೆ ಇಲ್ಲ, ಎರಡನೇದು ಹಾಗೇ ಇರುತ್ತೆ. ಡೊನಾ ಸಮ್ಮರ್ ಅವರ 'ಐ ಫೀಲ್ ಲವ್' ವಿಷಯದಲ್ಲಿ ಕಾನ್ಯೆ ಸಿಕ್ಕಿಬಿದ್ದಿದ್ದು ಅಲ್ಲೇ. ಒಪ್ಪಿಗೆ ಕೊಡಲ್ಲ ಅಂದಿದ್ರೂ ಮತ್ತೆ ಹಾಡಿಸಿ ಬಳಸಿದ್ದಾರೆ ಅಂತ 2024ರ ಫೆಬ್ರವರಿಯಲ್ಲಿ ಕುಟುಂಬದ ಕಡೆಯಿಂದ ಕೇಸ್ ಬಿತ್ತು, ಜೂನ್‌ನಲ್ಲಿ ರಾಜಿ. ಇಪ್ಪತ್ತು ವರ್ಷ ಸ್ಯಾಂಪಲಲ್ಲೇ ಅನ್ನ ತಿಂದೋನು ಮಾಡೋ ತಪ್ಪಾ ಇದು?

ನಮ್ಮಲ್ಲಿ ಲೆಕ್ಕ ಹೀಗೆ: ರೆಕಾರ್ಡಿಂಗ್ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. 1972ರ ಚಿತ್ರಗೀತೆ ಅಂದ್ರೆ 2032 ಮುಗಿಯೋವರೆಗೂ. ಕವಿ, ಸಂಗೀತ ನಿರ್ದೇಶಕರ ಹಕ್ಕು ಅವರು ತೀರಿಕೊಂಡ ಮೇಲೂ 60 ವರ್ಷ. ಪಿಚ್ ಏರಿಸಿದ್ರೆ ಹಕ್ಕಿರೋ ಹಾಡನ್ನ ಪತ್ತೆ ಹಚ್ಚೋ ಯೂಟ್ಯೂಬಿನ ಕಂಟೆಂಟ್ ಐಡಿ ಹಿಡಿಯಲ್ಲ ಅನ್ನೋದು ಬರೀ ನಂಬಿಕೆ. ಇವತ್ತು ದಾಟಿದ್ದು ನಾಳೆ ಸಿಕ್ಕಿಬೀಳಬಹುದು. ಕ್ಲೇಮ್ ಬಂದ್ರೆ ದುಡ್ಡು ಅವರ ಕಡೆ ಹೋಗುತ್ತೆ, ಇಲ್ಲ ವಿಡಿಯೋ ಬ್ಲಾಕ್ ಆಗುತ್ತೆ. ಸ್ಟ್ರೈಕ್ ಬೇರೆ, 90 ದಿನದೊಳಗೆ ಮೂರು ಬಿದ್ರೆ ಚಾನೆಲ್ಲೇ ಹೋಗುತ್ತೆ.

ಜನಪದಕ್ಕೆ ಬೀಗವೇ ಇಲ್ವಲ್ಲ ಅಂತೀರಾ? ನಮ್ಮ ಹಾಸನದ ಚಂದನ್ ಶೆಟ್ಟಿ 2020ರಲ್ಲಿ 'ಕೋಲುಮಂಡೆ' ತಂದಾಗ ಎದ್ದದ್ದು ಹಕ್ಕಿನ ಪ್ರಶ್ನೆ ಅಲ್ಲ. ಮಾದಪ್ಪನ ಕಾವ್ಯದ ಸಂಕಮ್ಮನನ್ನ ವಿಡಿಯೋದಲ್ಲಿ ತೋರಿಸಿದ ರೀತಿಗೆ ಭಕ್ತರು ಸಿಟ್ಟಾದ್ರು. ಕ್ಷಮೆ ಕೇಳಿ ಯೂಟ್ಯೂಬಿಂದ ತೆಗೀಬೇಕಾಯ್ತು. ಕೋರ್ಟಲ್ಲಿ ಮಾಲೀಕ ಇಲ್ಲದ ಹಾಡಿಗೂ ವಾರಸುದಾರರು ಇರ್ತಾರೆ.

ಈಗ ಕಾನ್ಯೆಯ ಬಾಯಿ ವಿಷಯ. 2005ರಲ್ಲಿ ಕತ್ರೀನಾ ಚಂಡಮಾರುತಕ್ಕೆ ನಿಧಿ ಎತ್ತೋ ನೇರ ಪ್ರಸಾರದಲ್ಲಿ, ಅಧ್ಯಕ್ಷ ಬುಷ್‌ಗೆ ಕಪ್ಪು ಜನರ ಬಗ್ಗೆ ಕಾಳಜಿ ಇಲ್ಲ ಅಂದುಬಿಟ್ಟ. ಬರೆದುಕೊಟ್ಟ ಮಾತು ಬಿಟ್ಟು ಆಡಿದ್ದು, ನಿಜ. ಆದ್ರೆ ಮನೆಮಠ ಮುಳುಗಿದೋರ ಪರ ಆಡಿದ್ದು. ನಮ್ಮ ಜರಡೀಲಿ ಅದು ಎಎ. 2009ರಲ್ಲಿ ಪ್ರಶಸ್ತಿ ಸಮಾರಂಭದ ವೇದಿಕೆ ಹತ್ತಿ ಗಾಯಕಿ ಟೇಲರ್ ಸ್ವಿಫ್ಟ್ ಕೈಯಿಂದ ಮೈಕ್ ಕಿತ್ಕೊಂಡಿದ್ದು ಬರೀ ಪೊಗರು. 19ರ ಹುಡುಗಿಯ ಒಂದು ಸಂಜೆ ಹಾಳಾಯ್ತು. ಸಿ ಗ್ರೇಡ್, ಮುಂದಕ್ಕೆ ಹೋಗೋಣ. 2020ರಲ್ಲಿ ತನ್ನ ಮ್ಯೂಸಿಕ್ ಕಂಪನಿ ಒಪ್ಪಂದದ ಪುಟಗಳನ್ನೇ ಟ್ವಿಟ್ಟರಲ್ಲಿ ಹಾಕಿ, ಮಾಸ್ಟರ್ (ಮೂಲ ರೆಕಾರ್ಡಿಂಗ್) ಹಕ್ಕು ಕಲಾವಿದನಿಗೆ ಸೇರಬೇಕು ಅಂತ ಜಗಳ ತೆಗೆದ. ಅದೇ ವಾರ ಗ್ರ್ಯಾಮಿ ಪ್ರಶಸ್ತಿ ಮೇಲೆ ಮೂತ್ರ ಮಾಡೋ ವಿಡಿಯೋನೂ ಹಾಕಿದ್ರಿಂದ ಜನ ನೋಡಿದ್ದು ಅದನ್ನೇ, ಒಪ್ಪಂದ ಓದಲೇ ಇಲ್ಲ.

2022 ಬೇರೆನೇ. ಅಕ್ಟೋಬರ್‌ನಲ್ಲಿ ಯಹೂದಿಗಳ ಮೇಲೆ ಬಹಿರಂಗ ದ್ವೇಷದ ಪೋಸ್ಟ್, ಡಿಸೆಂಬರ್‌ನಲ್ಲಿ ಸಂದರ್ಶನದಲ್ಲಿ ಹಿಟ್ಲರನ ಹೊಗಳಿಕೆ. ಈತನ ಜೊತೆ ಸೇರಿ ಶೂ ಮಾಡ್ತಿದ್ದ ಅಡಿಡಾಸ್ ಅಕ್ಟೋಬರ್ 25ಕ್ಕೇ ಕೈಬಿಡ್ತು. ಆ ವರ್ಷದ ನಿವ್ವಳ ಲಾಭದಲ್ಲಿ 25 ಕೋಟಿ ಯೂರೋವರೆಗೆ ಹೊಡೆತ ಬೀಳುತ್ತೆ ಅಂತ ಕಂಪನಿಯೇ ಹೇಳಿತು. ಶೂ ಡಿಸೈನ್ ಹಕ್ಕು ಅಡಿಡಾಸ್ ಹತ್ರಾನೇ ಉಳೀತು, ಉಳಿದ ದಾಸ್ತಾನನ್ನ 2023, 2024ರಲ್ಲಿ ಅವರೇ ಮಾರಿದ್ರು, ಒಂದು ಪಾಲು ದ್ವೇಷದ ವಿರುದ್ಧ ಕೆಲಸ ಮಾಡೋ ಸಂಸ್ಥೆಗಳಿಗೆ ಕೊಟ್ರು.

ಕಾಯಿಲೆ ಇದೆ ಪಾಪ ಅನ್ನೋರಿದ್ದಾರೆ. ಬೈಪೋಲಾರ್ (ಮನಸ್ಸು ವಿಪರೀತ ಏರಿಳಿಯೋ ಕಾಯಿಲೆ) ಅಂತ 2018ರಲ್ಲಿ ಈತನೇ ಹೇಳ್ಕೊಂಡಿದ್ದು ಹೌದು. ಒಂದು ರಾತ್ರಿಯ ಪೋಸ್ಟಿಗೆ ಆ ಮಾತು ಒಪ್ಪೋಣ. ಆದ್ರೆ 2025ರ ಫೆಬ್ರವರಿಯಲ್ಲಿ ನಾಜಿ ಚಿಹ್ನೆಯ ಟೀ ಶರ್ಟ್ ಮಾರಾಟಕ್ಕಿಟ್ಟ. ನಮ್ಮ ಹೊಸ್ತಿಲ ಸ್ವಸ್ತಿಕ್ ಅಲ್ಲ, ಹಿಟ್ಲರನ ಬಾವುಟದ್ದೇ. ಸೈಟಿಗೆ ಜನ ಬರಲಿ ಅಂತ ಅಮೆರಿಕದ ಫುಟ್‌ಬಾಲ್ ಫೈನಲ್ ಆದ ಸೂಪರ್ ಬೌಲ್ ಹೊತ್ತಿಗೆ ಟಿವಿ ಜಾಹೀರಾತು ಬೇರೆ. ಜಾಹೀರಾತಿಗೆ ಮುಂಚೆ ಜಾಗ ಬುಕ್ ಮಾಡಬೇಕು, ದುಡ್ಡು ಕಟ್ಟಬೇಕು, ಅಂಗಡಿ ಪುಟ ಕಟ್ಟಬೇಕು, ಬೆಲೆ ಹಾಕಬೇಕು. ಇಷ್ಟು ಹೆಜ್ಜೆಯ ಕೆಲಸಾನ ಬಾಯಿತಪ್ಪು ಅನ್ನೋಕಾಗಲ್ಲ. ಕೊನೆಗೆ ಆನ್‌ಲೈನ್ ಅಂಗಡಿಗೆ ಜಾಗ ಕೊಡೋ ಶಾಪಿಫೈ ಕಂಪನಿನೇ ಆ ಅಂಗಡಿ ಮುಚ್ಚಿಸ್ತು. ಇದು ಬಿಬಿಬಿಗೂ ಬೇಡ, ತಿಪ್ಪೆಗೆ.

ಹಾಗಾದ್ರೆ ಹಳೇ ಹಾಡು ಕೇಳಬಹುದಾ? ನಾವು ಕೇಳ್ತೀವಿ, ಬಟ್ಟೆ ಕೊಳ್ಳಲ್ಲ. 'ಥ್ರೂ ದ ವೈರ್' ಓಡಿದಾಗೆಲ್ಲ ಒಂದು ಪಾಲು 'ಥ್ರೂ ದ ಫೈರ್' ಬರೆದ ಮೂವರ ಲೆಕ್ಕಕ್ಕೆ ಹೋಗುತ್ತೆ. ಸಿಂಥಿಯಾ ವೀಲ್ 2023ರಲ್ಲಿ ತೀರಿಕೊಂಡ್ರು. ಯಹೂದಿ ಮನೆತನದ ಹೆಣ್ಣುಮಗಳು. ಕಾನ್ಯೆಯ ಮೊದಲ ಹಿಟ್ ಹಾಡಿನ ಹೆಸರಪಟ್ಟಿಲಿ ಆಕೆಯ ಹೆಸರು ಈಗಲೂ ಇದೆ.