ಪರದೇಶದಲ್ಲಿ ರಂಜಾನ್

ಕೇಳುಗರೇ, ನಮಸ್ಕಾರ.

ಟರ್ಕಿಯಲ್ಲಿ ರಂಜಾನ್ ತಿಂಗಳ ಬೆಳಗಿನ ಜಾವ ಡೋಲು ಬಡಿಯುವವರು ಬೀದಿ ಸುತ್ತಿ ಜನರನ್ನು ಉಪವಾಸ ಶುರುವಾಗುವ ಮುಂಚಿನ ಸಹರಿ ಊಟಕ್ಕೆ ಎಬ್ಬಿಸುತ್ತಾರೆ. ಸಂಜೆ ಉಪವಾಸ ಬಿಡುವ ಹೊತ್ತಾಯಿತೆಂದು ಕೆಲವೆಡೆ ತೋಪು ಹಾರಿಸುತ್ತಾರೆ. ಈಜಿಪ್ಟಿನ ಗಲ್ಲಿಗಳಲ್ಲಿ ಫಾನೂಸ್ ದೀಪಗಳು ತೂಗುತ್ತವೆ. ಅಲ್ಲಿ ರಂಜಾನ್ ತಾನಾಗಿಯೇ ಮನೆಯೊಳಗೆ ಬರುತ್ತದೆ. ಅಂಥದೇ ಒಂದು ಕುಟುಂಬ ಬರ್ಲಿನ್ನಿಗೋ ಲಂಡನ್ನಿಗೋ ಹೋಗಿ ನೆಲೆಸಿತು ಎನ್ನಿ. ಡೋಲಿಲ್ಲ, ತೋಪಿಲ್ಲ, ನೆರೆಯವರಿಗೆ ಅದು ಎಂದಿನಂತೆ ಒಂದು ಮಂಗಳವಾರ. ಬೀದಿ ಮಾಡುತ್ತಿದ್ದ ಕೆಲಸವನ್ನೆಲ್ಲ ಇನ್ನು ಮನೆಯೇ ಮಾಡಬೇಕು. ಮಕ್ಕಳಿಗೆ ರಂಜಾನ್ ಬಂದದ್ದು ಗೊತ್ತಾಗುವುದು ಅಡುಗೆಮನೆಯಿಂದಲೇ.

ಫ್ರಾನ್ಸಿನಲ್ಲಿರುವ ಮೊರಾಕೊ ಮೂಲದವರ ಹರೀರಾ ಸೂಪನ್ನು ನೋಡಿ. ಕಡಲೆಯನ್ನು ಹಿಂದಿನ ರಾತ್ರಿಯೇ ನೆನೆಹಾಕಬೇಕು. ಮರುದಿನ ಅದಕ್ಕೆ ಮಸೂರ, ಟೊಮೆಟೊ, ಈರುಳ್ಳಿ, ಕೊತ್ತಂಬರಿ ಸೇರಿಸಿ ಬೇಯಿಸುತ್ತಾರೆ. ಕೊನೆಗೆ ನೀರಿನಲ್ಲಿ ಕದಡಿದ ಹಿಟ್ಟನ್ನು ಸಣ್ಣ ಧಾರೆಯಾಗಿ ಬಿಡುತ್ತಾ, ಗಂಟಾಗದಂತೆ ಕೈಬಿಡದೆ ತಿರುವುತ್ತಾರೆ. ಅಡುಗೆ ಮಾಡುವವರಿಗೂ ಉಪವಾಸವೇ. ಹಾಗಾಗಿ ಉಪ್ಪು ಸರಿಯಾಗಿದೆಯೇ ಎಂದು ನೋಡಲು ರೋಜಾ ಹಿಡಿಯುವ ವಯಸ್ಸಾಗದ ಮಗುವನ್ನು ಕರೆಯುತ್ತಾರೆ. ಆ ಒಂದು ಚಮಚೆಯಲ್ಲಿ ಮಗು ತನ್ನ ಹಿರಿಯರ ರುಚಿಯನ್ನು ಕಲಿಯುತ್ತದೆ. ಜೊತೆಗೆ ಖರ್ಜೂರ, ಹಾಲು, ಜೇನಿನಲ್ಲಿ ಅದ್ದಿ ಎಳ್ಳು ಉದುರಿಸಿದ ಶೆಬಾಕಿಯಾ ಇರುತ್ತವೆ. ಹೂವಿನಾಕಾರಕ್ಕೆ ಮಡಚಿ ಕರಿಯುವ ಈ ಸಿಹಿ ತಿಂಡಿ ಒಬ್ಬರ ಕೈಯಲ್ಲಿ ಮುಗಿಯುವಂಥದ್ದಲ್ಲ. ಅಕ್ಕತಂಗಿಯರು, ಅತ್ತೆ, ಸೊಸೆ ಎಲ್ಲರೂ ಕೂತು ಮಾಡಬೇಕು.

1961ರಲ್ಲಿ ಪಶ್ಚಿಮ ಜರ್ಮನಿಯು ಟರ್ಕಿಯೊಂದಿಗೆ ಕಾರ್ಮಿಕರ ಒಪ್ಪಂದ ಮಾಡಿಕೊಂಡಿತು. ಮೊದಮೊದಲು ಹೋದವರಲ್ಲಿ ಬಹಳ ಮಂದಿ ಕಾರ್ಖಾನೆಯ ಪಾಳಿಗಳಲ್ಲಿ ದುಡಿದು ಹಾಸ್ಟೆಲ್‌ಗಳಲ್ಲಿ ಮಲಗಿದವರು. ಕುಟುಂಬಗಳು ಬಂದು ಸೇರಿದ್ದು ಆಮೇಲೆ. ಈಗ ಬರ್ಲಿನ್ನಿನ ಕ್ರೊಯ್ಟ್ಸ್‌ಬರ್ಗ್, ನೊಯ್‌ಕೊಲ್ನ್ ಬಡಾವಣೆಗಳಲ್ಲಿ ಸೂರ್ಯ ಮುಳುಗುವ ಮುಂಚೆ ಬೇಕರಿ ಮುಂದೆ ಸಾಲು ನಿಲ್ಲುತ್ತದೆ. ಬೆರಳಿನಿಂದ ಒತ್ತಿ ಗೆರೆ ಮೂಡಿಸಿ, ಎಳ್ಳು, ಕಲೋಂಜಿ ಉದುರಿಸಿದ ರಂಜಾನ್ ರೊಟ್ಟಿ ‘ಪಿದೆ’ ಬಿಸಿಬಿಸಿಯಾಗಿಯೇ ಮನೆ ಸೇರಬೇಕಲ್ಲ!

ಪೂರ್ವ ಲಂಡನ್ನಿನಲ್ಲಿ ನೆಲೆಸಿರುವ, ಬಾಂಗ್ಲಾದೇಶದ ಸಿಲ್ಹೆಟ್ ಮೂಲದವರ ಮನೆಗಳಲ್ಲಿ ಮಸಾಲೆ ಕಡಲೆ, ಬದನೆಕಾಯಿ ಬಜ್ಜಿ, ಮಂಡಕ್ಕಿ, ಜಿಲೇಬಿ. ಅಮೆರಿಕದ ಮಿನಿಯಾಪೊಲಿಸ್‌ನ ಸೊಮಾಲಿಗಳಲ್ಲಿ ಸಮೋಸದಂಥ ಸಂಬೂಸ. ತಟ್ಟೆಗಳು ಬೇರೆ, ಆದರೆ ಎಲ್ಲೆಡೆಯೂ ಮೊದಲು ಬಾಯಿಗಿಡುವುದು ಸಾಮಾನ್ಯವಾಗಿ ಖರ್ಜೂರವನ್ನೇ.

ಬೀದಿಯೂ ನಿಧಾನಕ್ಕೆ ಜೊತೆಗೂಡುತ್ತಿದೆ. ಲಂಡನ್ನಿನಲ್ಲಿ 2013ರಲ್ಲಿ ವಿದ್ಯಾರ್ಥಿಗಳ ನಡುವೆ ಶುರುವಾದ ಓಪನ್ ಇಫ್ತಾರ್, ಅಂದರೆ ಉಪವಾಸ ಬಿಡುವ ಬಹಿರಂಗ ಊಟ, ಮುಂದೆ ಟ್ರಫಾಲ್ಗರ್ ಚೌಕದವರೆಗೂ ಬಂತು. ಯಾವ ಧರ್ಮದವರಾದರೂ ಹೋಗಿ ಪಂಕ್ತಿಯಲ್ಲಿ ಕೂರಬಹುದು. 2024ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರ ತನ್ನ ಒಂದು ಬೀದಿಗೆ ರಂಜಾನ್ ದೀಪಾಲಂಕಾರ ಮಾಡಿಸಿತು. ಇದನ್ನು ನಾನು ಬರೀ ಅಲಂಕಾರವೆಂದು ಎಣಿಸಲಾರೆ. ಅಡುಗೆಮನೆಯೊಂದೇ ಹೊತ್ತಿದ್ದ ಭಾರವನ್ನು ಊರು ಸ್ವಲ್ಪ ಹಂಚಿಕೊಂಡಿತು.

ಇನ್ನು ಗಡಿಯಾರ. ಚಾಂದ್ರಮಾನದ ಲೆಕ್ಕದಲ್ಲಿ ರಂಜಾನ್ ಪ್ರತಿವರ್ಷ ಹತ್ತು ಹನ್ನೊಂದು ದಿನ ಮುಂಚೆ ಬರುತ್ತದೆ. 2016ರ ಜೂನ್‌ನಲ್ಲಿ ಲಂಡನ್ನಿನವರು ರಾತ್ರಿ ಒಂಬತ್ತು ದಾಟಿದ ಮೇಲೆ ಉಪವಾಸ ಬಿಟ್ಟರು. ಅಷ್ಟರಲ್ಲಿ ಚಿಕ್ಕ ಮಕ್ಕಳು ಮಲಗುವ ಹೊತ್ತೂ ಮೀರಿತ್ತು. 2030ರಲ್ಲಿ ರಂಜಾನ್ ಎರಡು ಬಾರಿ, ಜನವರಿಯಲ್ಲೊಮ್ಮೆ, ಡಿಸೆಂಬರ್ ಕೊನೆಯಲ್ಲೊಮ್ಮೆ ಶುರುವಾಗಲಿದೆ. ಆಗ ಅಲ್ಲಿ ಇಫ್ತಾರ್ ಸಂಜೆ ನಾಲ್ಕರ ಆಸುಪಾಸು. ಮಕ್ಕಳು ಶಾಲೆಯಿಂದ ಬರುವ ಹೊತ್ತು, ದೊಡ್ಡವರು ಇನ್ನೂ ಕೆಲಸದಲ್ಲೋ ಬಸ್ಸಿನಲ್ಲೋ ಇರುವ ಹೊತ್ತು. ಜೇಬಿನ ಖರ್ಜೂರದಿಂದ ಉಪವಾಸ ಬಿಟ್ಟು, ಎಲ್ಲರೂ ಮನೆ ಸೇರಿದ ಮೇಲೆ ಹರೀರಾವನ್ನು ಮತ್ತೆ ಬಿಸಿಮಾಡಬೇಕಾದೀತು.