ಎಲಿಯಾಹು: ಹೆಸರಾಗಿ ನಿಂತ ಸಾಕ್ಷಿ

ಕೇಳುಗರೆಲ್ಲರಿಗೂ ನಮಸ್ಕಾರ.

ಕನ್ನಡ ಬೈಬಲ್ಲಿನ ಎಲೀಯ, ಕರಾವಳಿಯ ಕ್ರೈಸ್ತರ ಎಲಿಯಾಸ್, ಮುಸ್ಲಿಮರ ಇಲಿಯಾಸ್. ಮೂರಕ್ಕೂ ಬೇರು ಒಂದೇ, ಎಲಿಯಾಹು ಎಂಬ ಹೀಬ್ರೂ ಹೆಸರು. ಕುರಾನಿನಲ್ಲೂ ಇಲಿಯಾಸ್ ಬಾಳ್ ದೇವತೆಯ ಆರಾಧನೆಯನ್ನು ಖಂಡಿಸಿದ ಪ್ರವಾದಿಯೇ.

ಹೀಬ್ರೂ ಬರಹದಲ್ಲಿ ಈ ಹೆಸರಿಗೆ ಐದು ಅಕ್ಷರ: ಆಲೆಫ್, ಲಾಮೆದ್, ಯೋದ್, ಹೇ, ವಾವ್. 'ಏಲಿ' ಎಂದರೆ ನನ್ನ ದೇವರು. 'ಯಾಹು' ಇಸ್ರಾಯೇಲರ ದೇವರ ನಾಲ್ಕಕ್ಷರದ ನಾಮದ ಮೊಟಕು ರೂಪ. ಆ ಪೂರ್ಣ ನಾಮವನ್ನು ಯಹೂದಿಗಳು ಉಚ್ಚರಿಸುವುದಿಲ್ಲ; ಪ್ರಾರ್ಥನೆಯಲ್ಲಿ ಅದು ಬಂದೆಡೆ 'ಅದೋನಾಯ್', ಅಂದರೆ ಒಡೆಯ, ಎಂದು ಓದುತ್ತಾರೆ. ಮನುಷ್ಯರ ಹೆಸರಿನೊಳಗೆ ಸೇರಿಕೊಂಡ ಮೊಟಕು ರೂಪಕ್ಕೆ ಆ ತಡೆಯಿಲ್ಲ. ಹಾಗಾಗಿ ಮಗನನ್ನು ಎಲಿಯಾಹು ಎಂದು ಕೂಗಿದಾಗಲೆಲ್ಲ 'ಯಾಹುವೇ ನನ್ನ ದೇವರು' ಎಂದು ಸಾರಿದಂತೆ. ಇದನ್ನು ಎಲೀಷ ಎಂಬ ಹೆಸರಿನೊಂದಿಗೆ ಬೆರೆಸುವವರು ಬಹಳ. ಎಲೀಷ ಪ್ರವಾದಿ ಎಲಿಯಾಹುವಿನ ಶಿಷ್ಯ. ಆ ಹೆಸರಿನ ಉತ್ತರಾರ್ಧಕ್ಕೆ ರಕ್ಷಣೆ ಎಂಬ ಅರ್ಥ.

ಹೆಸರಿನ ಪೂರ್ತಿ ತೂಕ ತಿಳಿಯಬೇಕಾದರೆ ಬೈಬಲ್ಲಿನ ಅರಸುಗಳು ಮೊದಲನೆಯ ಪುಸ್ತಕದ 18ನೇ ಅಧ್ಯಾಯ ಓದಬೇಕು. ಕ್ರಿಸ್ತಪೂರ್ವ 9ನೇ ಶತಮಾನ. ಇಸ್ರಾಯೇಲಿನ ಅಹಾಬ ರಾಜನ ಹೆಂಡತಿ ಈಜೆಬೆಲ್ ಚೀದೋನಿನವಳು, ಬಾಳನ ಭಕ್ತೆ. ಮಳೆಯಿಲ್ಲದೆ ನಾಡು ಒಣಗಿದೆ. ಕರ್ಮೆಲ್ ಬೆಟ್ಟದ ಮೇಲೆ ಬಾಳನ 450 ಪ್ರವಾದಿಗಳು ಒಂದು ಕಡೆ, ಎಲಿಯಾಹು ಒಬ್ಬನೇ ಇನ್ನೊಂದು ಕಡೆ. ಯಾರ ದೇವರು ಬಲಿಗೆ ಬೆಂಕಿ ಕಳಿಸುವನೋ ಅವನೇ ನಿಜ ದೇವರು ಎಂಬುದು ಪಂಥ. ಅವನು 12 ಕಲ್ಲುಗಳ ಬಲಿಪೀಠ ಕಟ್ಟಿ, ಸುತ್ತ ಕಾಲುವೆ ತೋಡಿ, ನಾಲ್ಕು ಕೊಡ ನೀರನ್ನು ಮೂರು ಸಲ ಹೊಯ್ಯಿಸುತ್ತಾನೆ. ಬೆಂಕಿ ಇಳಿದು ಕಾಲುವೆಯ ನೀರನ್ನೂ ಹೀರುತ್ತದೆ. ಆಗ ಜನ ಬೋರಲು ಬಿದ್ದು ಕೂಗುವುದು 'ಅದೋನಾಯ್ ಹೂ ಹಾ ಎಲೋಹೀಮ್', ಒಡೆಯನೇ ದೇವರು ಎಂದು. ಪ್ರವಾದಿ ಹುಟ್ಟಿನಿಂದ ಹೊತ್ತ ಹೆಸರೇ ಜನರ ಬಾಯಿಗೆ ಬಂದಿತು. ಯಹೂದಿಗಳ ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪೂರ್ ಉಪವಾಸದ ಕೊನೆಯಲ್ಲಿ ಇದೇ ಕೂಗನ್ನು ಏಳು ಸಲ ಹೇಳಿ ಟಗರಿನ ಕೊಂಬು ಊದುತ್ತಾರೆ.

ಎಲಿಯಾಹು ಸಾಯದೆ ಅಗ್ನಿರಥದಲ್ಲಿ ಮೇಲೇರಿದನೆಂದೂ, ದೇವರ ತೀರ್ಪಿನ ಮಹಾದಿನಕ್ಕೆ ಮುಂಚೆ ಮರಳುವನೆಂದೂ ನಂಬಿಕೆ. ಎಂಟನೆಯ ದಿನದ ಸುನ್ನತಿಯಲ್ಲಿ ಅವನಿಗೊಂದು ಕುರ್ಚಿ, ಈಜಿಪ್ಟಿನ ಬಿಡುಗಡೆಯನ್ನು ನೆನೆಯುವ ಪಸ್ಕ ಹಬ್ಬದ ರಾತ್ರಿಯ ಊಟದಲ್ಲಿ ಒಂದು ಬಟ್ಟಲು ದ್ರಾಕ್ಷಾರಸ ಮೀಸಲು. ಗಂಡುಮಗುವಿಗೆ ಹೆಸರಿಡುವುದೂ ಆ ಸುನ್ನತಿಯ ದಿನವೇ.

ಈ ಭಕ್ತಿ ನಮಗೆ ತೀರ ದೂರದ್ದಲ್ಲ. ಕೊಂಕಣದ ಬೆನೆ ಇಸ್ರೇಲ್ ಯಹೂದಿಗಳು 'ಎಲಿಯಾಹು ಹನ್ನಾಬಿ', ಅಂದರೆ ಪ್ರವಾದಿ ಎಲಿಯಾಹುವನ್ನು ಹರಸಿಕೊಳ್ಳುತ್ತಾರೆ. ಅಲಿಬಾಗ್ ಬಳಿಯ ಖಂಡಾಲಾ ಹಳ್ಳಿಯ ಬಂಡೆಯೊಂದರಲ್ಲಿ ಅವನ ರಥದ ಗುರುತಿದೆ ಎಂಬುದು ಅವರ ನಂಬಿಕೆ. ಹರಕೆ ತೀರಿದಾಗ, ಮದುವೆಗೆ ಮುನ್ನ, 'ಮಲಿದಾ' ಮಾಡುತ್ತಾರೆ: ನೆನೆಸಿದ ಅವಲಕ್ಕಿಗೆ ತೆಂಗಿನತುರಿ, ಸಕ್ಕರೆ, ಏಲಕ್ಕಿ, ಒಣಹಣ್ಣು ಬೆರೆಸಿ, ತಟ್ಟೆಯಲ್ಲಿ ಹಣ್ಣುಗಳನ್ನು ಜೋಡಿಸಿಡುವುದು. ಅವಲಕ್ಕಿಯನ್ನು ತೊಳೆದು ಬಸಿದರೆ ಸಾಕು. ನೀರು ಹೆಚ್ಚಾದರೆ ಮುದ್ದೆಯಾಗುತ್ತದೆ. ಹಣ್ಣು ತಿನ್ನುವ ಮುನ್ನ ಹೇಳುವ ಆಶೀರ್ವಚನದಲ್ಲಿ ಜನ ಎಡವುವುದು ಬಾಳೆಹಣ್ಣಿನ ವಿಷಯದಲ್ಲಿ. ಖರ್ಜೂರ, ಸೇಬಿಗೆ ಹೇಳುವುದು ಮರದ ಫಲದ ಆಶೀರ್ವಚನ. ಬಾಳೆಗೆ ಗಟ್ಟಿಮರದ ಕಾಂಡವಿಲ್ಲ, ಗೊನೆ ಕೊಟ್ಟ ಗಿಡ ಸಾಯುತ್ತದೆ. ಯಹೂದಿ ವಿಧಿಯ ಪ್ರಕಾರ ಅದು ನೆಲದ ಬೆಳೆ, ಅದಕ್ಕೆ ಬೇರೆಯೇ ಆಶೀರ್ವಚನ ಹೇಳಬೇಕು.

ನಮಸ್ಕಾರ.