ನಾನೂರ ಇಪ್ಪತ್ತೊಂಬತ್ತು ಕೋಟಿಯ ಒಳಗಿದ್ದ 641

ಕೇಳುಗರೇ, ನಮಸ್ಕಾರ. ಪೆನ್ನು, ಕಾಗದ ಕೈಗೆ ಸಿಗುವ ಹಾಗಿದ್ದರೆ ಒಂದು ಸಂಖ್ಯೆ ಬರೆದುಕೊಳ್ಳಿ: 429 ಕೋಟಿ, 49 ಲಕ್ಷ, 67 ಸಾವಿರದ 297.

ಇದನ್ನು ಕಟ್ಟುವುದು ಸುಲಭ. 2ರಿಂದ ಶುರು ಮಾಡಿ, ಬಂದ ಸಂಖ್ಯೆಯನ್ನು ಅದರಿಂದಲೇ ಗುಣಿಸುತ್ತಾ ಹೋಗಿ. 2, 4, 16, 256, 65536, ಆಮೇಲೆ 429 ಕೋಟಿ ಚಿಲ್ಲರೆ. ಒಂದೊಂದಕ್ಕೂ 1 ಸೇರಿಸಿ. ಮೊದಲ ಐದು 3, 5, 17, 257, 65537. ಐದೂ ಅವಿಭಾಜ್ಯ ಸಂಖ್ಯೆಗಳು. 1 ಮತ್ತು ತಮ್ಮನ್ನು ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗುವುದಿಲ್ಲ. ಆರನೆಯದೇ ನೀವು ಬರೆದುಕೊಂಡದ್ದು.

ಇದೂ ಅವಿಭಾಜ್ಯವೇ, ಮುಂದಿನವೂ ಹಾಗೇ ಎಂದು ಫ್ರಾನ್ಸಿನ ಪಿಯರ್ ಡಿ ಫರ್ಮಾ 1640ರಲ್ಲಿ ನಂಬಿದ್ದರು. ಅದನ್ನು ಸಾಧಿಸಿ ತೋರಿಸಲು ಆಗಿಲ್ಲ ಎಂದೂ ಹೇಳಿದ್ದರು. ಆ ಪ್ರಾಮಾಣಿಕತೆ ನನಗೆ ತುಂಬಾ ಇಷ್ಟ. 1732ರಲ್ಲಿ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ 25ರ ಹರೆಯದ ಲಿಯೊನಾರ್ಡ್ ಆಯ್ಲರ್, ಈ ಸಂಖ್ಯೆ 641ರಿಂದ ಭಾಗವಾಗುತ್ತದೆ ಎಂದರು.

ಲೆಕ್ಕ ಹಾಕಿಯೇ ನೋಡಿಬಿಡೋಣ. 641ನ್ನು 67 ಲಕ್ಷದಿಂದ ಗುಣಿಸಿದರೆ 429 ಕೋಟಿ 47 ಲಕ್ಷ. ಅದೇ 641ನ್ನು 417ರಿಂದ ಗುಣಿಸಿದರೆ 2 ಲಕ್ಷದ 67 ಸಾವಿರದ 297. ಎರಡನ್ನೂ ಕೂಡಿಸಿ. ನಮ್ಮ ಸಂಖ್ಯೆ ಬಂತಲ್ವಾ?

ಆದರೆ 641 ಸಿಕ್ಕಿದ್ದು ಹೇಗೆ? ಸುಮ್ನೆ ಒಂದೊಂದಾಗಿ ಭಾಗಿಸುತ್ತಾ ಕೂತರೆ, ಇಂಥ ಸಂಖ್ಯೆಯ ಅಪವರ್ತನ ಹುಡುಕಲು 65536ರ ಒಳಗಿನ 6542 ಅವಿಭಾಜ್ಯಗಳೂ ಸರದಿಯಲ್ಲಿರುತ್ತವೆ. ಆಯ್ಲರ್ ಆಮೇಲೆ ಒಂದು ನಿಯಮ ಸಾಧಿಸಿ ಕೊಟ್ಟರು: ಈ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯ ಯಾವುದೇ ಇರಲಿ, ಅದನ್ನು 64ರಿಂದ ಭಾಗಿಸಿದಾಗ 1 ಉಳಿಯಲೇಬೇಕು. ಅಂದರೆ 65, 129, 193, 257, ಹೀಗೆ 64 ಕೂಡಿಸುತ್ತಾ ಹೋದರೆ ಸಾಕು. ಹತ್ತನೆಯ ಹೆಜ್ಜೆಗೇ 641. ಆ ಹತ್ತರಲ್ಲೂ ಐದು ಅವಿಭಾಜ್ಯಗಳೇ ಅಲ್ಲ, ಬಿಟ್ಟುಬಿಡಬಹುದು. 193, 257, 449, 577 ಪರೀಕ್ಷಿಸಿ ಕೈಬಿಟ್ಟರೆ ಐದನೆಯದೇ 641! ಒಂದು ಸಂಜೆಯ ಕೆಲಸ. ಗಣಿತದಲ್ಲಿ ಯೋಚನೆ ಎಷ್ಟು ದುಡಿಮೆ ಉಳಿಸುತ್ತದೆ ಅನ್ನುವುದಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ನಾನು ಕಂಡಿಲ್ಲ.

ಏಳನೆಯ ಸಂಖ್ಯೆ ಇಷ್ಟು ಸುಲಭವಾಗಿ ಬಗ್ಗಲಿಲ್ಲ. ಅದಕ್ಕೆ 20 ಅಂಕಿ. ಅಲ್ಲಿ 64ರ ಜಾಗದಲ್ಲಿ 128 ಕೂಡಿಸುತ್ತಾ ಹೋಗಬೇಕು. ಅದನ್ನು ಭಾಗಿಸುವ 274177 ಕುಳಿತಿದ್ದದ್ದು 2142ನೆಯ ಹೆಜ್ಜೆಯಲ್ಲಿ. ಫ್ರಾನ್ಸಿನ ಲಾಂಡ್ರಿ ಎಂಬ ವೃದ್ಧರು ಅದನ್ನು ಹೊರತೆಗೆದದ್ದು 1880ರಲ್ಲಿ. ಅಲ್ಲಿಂದಾಚೆ ಸಂಖ್ಯೆಗಳು ಬೆಳೆಯುತ್ತಲೇ ಹೋದವು, ಕಂಪ್ಯೂಟರ್‌ಗಳೂ ಬಂದವು. ಆದರೂ ಈ ಸಾಲಿನಲ್ಲಿ ಆರನೆಯ ಅವಿಭಾಜ್ಯ ಇವತ್ತಿನವರೆಗೂ ಯಾರಿಗೂ ಸಿಕ್ಕಿಲ್ಲ. ಇಲ್ಲವೇ ಇಲ್ಲ ಎಂದು ಸಾಧಿಸಿದವರೂ ಇಲ್ಲ.

ನಮಸ್ಕಾರ.